ಮನೆಯ ವ್ಯಾಯಾಮದ ಕೋಣೆಯಲ್ಲಿ ಬೆಳಕು ತೊಂದರೆ ಕೊಟ್ಟಾಗ: ಲಕ್ಷಣ ಹಿಡಿದು ದೋಷ ಹುಡುಕುವ ಕ್ರಮ

ಮನೆಯ ಒಂದು ಕೋಣೆಯನ್ನು ವ್ಯಾಯಾಮಕ್ಕೆಂದು ತೆರವು ಮಾಡಿಕೊಂಡವರು ಅಲ್ಲಿಯ ಬೆಳಕಿನ ಬಗ್ಗೆ ಹೇಳುವ ದೂರು ಸಾಮಾನ್ಯವಾಗಿ ಎರಡೇ ಮಾತಿನದು: ಒಂದೋ ಬೆಳಕು ಸಾಲದು, ಇಲ್ಲವೇ ಕಣ್ಣು ಕುಕ್ಕುತ್ತದೆ. ಎರಡಕ್ಕೂ ಮೊದಲು ಹೊಳೆಯುವ ಪರಿಹಾರ ಬೇರೆ ಬಲ್ಬು ತರುವುದು. ಆದರೆ ನಾನು ಕಂಡಂತೆ ಹೆಚ್ಚಿನ ಸಂದರ್ಭಗಳಲ್ಲಿ ದೋಷ ಇರುವುದು ಬಲ್ಬಿನಲ್ಲಲ್ಲ, ಅದು ಕೂತಿರುವ ಜಾಗದಲ್ಲಿ. ದೀಪವನ್ನು ನಾವು ಬಾಗಿಲ ಬಳಿ, ಸ್ವಿಚ್ ಬೋರ್ಡಿನ ಮುಂದೆ ನಿಂತು ಒಪ್ಪಿಕೊಳ್ಳುತ್ತೇವೆ. ಬಳಸುವುದು ಮಾತ್ರ ಚಾಪೆಯ ಮೇಲೆ ಅಂಗಾತ ಮಲಗಿ, ಬಗ್ಗಿ, ಕೈಯೆತ್ತಿ ಮೇಲೆ ನೋಡುತ್ತ. ನಿಂತವನಿಗೆ ಚೆಂದ ಕಂಡ ದೀಪ ಮಲಗಿದವನಿಗೆ ಶತ್ರುವಾಗುವುದು ಹೀಗೆ.

ಈ ಬರಹ ನಮ್ಮ ಕಡೆಯ ಸಾಧಾರಣ ಮನೆಯೊಂದನ್ನು ಎದುರಿಗಿಟ್ಟುಕೊಂಡಿದೆ: 10 ಅಡಿಗೆ 12 ಅಡಿಯ ಕೋಣೆ, ನಡುವೆ ಸೀಲಿಂಗ್ ಫ್ಯಾನ್, ಒಂದು ಗೋಡೆಯ ಮೇಲೆ ಟ್ಯೂಬ್‌ಲೈಟ್, ಬಹುಶಃ ಒಂದು ಉದ್ದ ಕನ್ನಡಿ, ಮೂಲೆಯಲ್ಲಿ ಟ್ರೆಡ್‌ಮಿಲ್ ಅಥವಾ ಸೈಕಲ್. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ತಂತಿಗೆ ಕೈಹಾಕುವಂಥವು ಕೊನೆಗೆ ಎಂಬ ಕ್ರಮದಲ್ಲಿ ಲಕ್ಷಣಗಳನ್ನು ಇಲ್ಲಿ ಜೋಡಿಸಲಾಗಿದೆ. ಆದರೆ ಸುಟ್ಟ ವಾಸನೆ, ಶಾಕ್ ಅಥವಾ ಕೆಲವು ದೀಪಗಳು ಇದ್ದಕ್ಕಿದ್ದಂತೆ ಅತಿ ಪ್ರಖರವಾಗುವುದು ನಿಮ್ಮ ಲಕ್ಷಣವಾಗಿದ್ದರೆ, ನಡುವಿನದನ್ನೆಲ್ಲ ಬಿಟ್ಟು ನೇರವಾಗಿ ಕೊನೆಯ ಭಾಗಕ್ಕೆ ಹೋಗಬೇಕು.

ಕೈ ಹಾಕುವ ಮೊದಲು

ವ್ಯಾಯಾಮದ ಕೋಣೆಗೇ ವಿಶೇಷವಾದ ಅಪಾಯವೆಂದರೆ ಬೆವರು. ಒಣ ಚರ್ಮ ವಿದ್ಯುತ್ತಿಗೆ ಒಡ್ಡುವ ತಡೆ ಬೆವರಿದ ಚರ್ಮದಲ್ಲಿ ಬಹಳವಾಗಿ ಕುಸಿಯುತ್ತದೆ. ಆದ್ದರಿಂದ ವ್ಯಾಯಾಮದ ನಡುವೆ ದೀಪ ಕೆಟ್ಟಿತೆಂದು ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಹೋಲ್ಡರಿಗೆ ಕೈ ಹಾಕಬಾರದು. ಮೈ ಒರೆಸಿಕೊಂಡು, ಆರಿದ ಮೇಲೆ, ರಬ್ಬರ್ ಚಪ್ಪಲಿ ಮೆಟ್ಟಿ, ಅಲುಗದ ಮರದ ಸ್ಟೂಲಿನ ಮೇಲೆ ನಿಂತು ಕೆಲಸ ಮಾಡಬೇಕು. ವ್ಯಾಯಾಮದ ಬೆಂಚು ಅಥವಾ ಟ್ರೆಡ್‌ಮಿಲ್‌ನ ಪಟ್ಟಿ ಏಣಿಯಲ್ಲ. ಬಲ್ಬು ಬದಲಿಸಲು ಸ್ವಿಚ್ ಆರಿಸಿದರೆ ಸಾಕೆನ್ನುವವರು ಬಹಳ, ಆದರೆ ಮುಂದೆ ಹೇಳುವ ಕಾರಣಕ್ಕೆ ಅದು ಎಲ್ಲ ಮನೆಗಳಲ್ಲೂ ಸಾಲುವುದಿಲ್ಲ; ಆ ಕೋಣೆಯ ಎಂಸಿಬಿಯನ್ನೇ (ಹೊರೆ ಮಿತಿಮೀರಿದಾಗ ತಾನಾಗಿ ಬೀಳುವ, ಮೇನ್ ಬೋರ್ಡಿನ ಸ್ವಿಚ್) ಕೆಳಗಿಳಿಸುವುದು ಸರಿ.

ಮಲಗಿದಾಗ ಅಥವಾ ಮೇಲೆ ನೋಡಿದಾಗ ಬೆಳಕು ಕಣ್ಣಿಗೆ ಚುಚ್ಚುತ್ತದೆ

ಇದನ್ನು ಪರೀಕ್ಷಿಸಲು ಯಾವ ಸಲಕರಣೆಯೂ ಬೇಡ. ರಾತ್ರಿ ದೀಪ ಹಚ್ಚಿ, ಚಾಪೆ ಎಂದಿನಂತೆ ಹಾಸಿ, ಶವಾಸನದಲ್ಲಿ ಎರಡು ನಿಮಿಷ ಕಣ್ಣು ತೆರೆದು ಮಲಗಬೇಕು. ಆಮೇಲೆ ಎದ್ದು ಸೂರ್ಯನಮಸ್ಕಾರದ ಮೊದಲ ಹೆಜ್ಜೆಯಂತೆ ಕೈಗಳನ್ನು ಮೇಲೆತ್ತಿ ಹೆಬ್ಬೆರಳುಗಳತ್ತ ನೋಡಬೇಕು. ಈ ಎರಡು ಸ್ಥಿತಿಗಳಲ್ಲಿ ಬರಿಯ ಬಲ್ಬು ನೇರವಾಗಿ ಕಣ್ಣಿಗೆ ಬಿದ್ದರೆ, ನೋಟ ತಿರುಗಿಸಿದ ಮೇಲೂ ಅದರ ಹಸಿರು-ನೇರಳೆ ಛಾಯೆ ಕಣ್ಣೊಳಗೆ ಉಳಿದರೆ, ದೋಷ ಸಿಕ್ಕಿತೆಂದೇ ಅರ್ಥ. ಕತ್ತನ್ನು ಅರಿವಿಲ್ಲದೆ ಒಂದು ಬದಿಗೆ ವಾಲಿಸಿ ವ್ಯಾಯಾಮ ಮಾಡುವ ಅಭ್ಯಾಸ ಹಲವರಿಗೆ ಬರುವುದು ಇದರಿಂದಲೇ, ಮತ್ತು ಅವರು ಕತ್ತು ನೋವಿಗೆ ದಿಂಬನ್ನು ದೂರುತ್ತಿರುತ್ತಾರೆ.

ಅಗ್ಗದ ಪರಿಹಾರವೆಂದರೆ ಚಾಪೆಯನ್ನು ಸರಿಸುವುದು. ಅದು ದೀಪದ ನೇರ ಕೆಳಗಿದ್ದರೆ ಎರಡು-ಮೂರಡಿ ಜರುಗಿಸಿ, ದೀಪ ತಲೆಯ ಹಿಂಬದಿಗೋ ಪಕ್ಕಕ್ಕೋ ಬರುವಂತೆ ಹಾಸಿ ಮತ್ತೊಮ್ಮೆ ಮಲಗಿ ನೋಡಬೇಕು. ಅದು ಸಾಲದಿದ್ದರೆ ಸ್ಪಷ್ಟ ಗಾಜಿನ ಬಲ್ಬಿನ ಬದಲು ಹಾಲುಬಣ್ಣದ ಮುಚ್ಚಳವಿರುವ ಬಲ್ಬು ಅಥವಾ ಬ್ಯಾಟನ್ (ಟ್ಯೂಬ್‌ಲೈಟಿನಂತೆ ಉದ್ದನೆಯ ಎಲ್ಇಡಿ ದೀಪ) ಹಾಕಬೇಕು. ಒಂದೇ ಪ್ರಮಾಣದ ಬೆಳಕು ದೊಡ್ಡ ಮೈಯಿಂದ ಹೊರಟಾಗ ಕಣ್ಣಿಗೆ ಮೆದುವಾಗಿರುತ್ತದೆ. ಮೂರನೆಯ ಹೆಜ್ಜೆ ದೀಪಗಳನ್ನು ಚಾಪೆಯ ಉದ್ದಕ್ಕೆ ಸಮಾಂತರವಾಗಿ ಎರಡು ಪಕ್ಕದ ಗೋಡೆಗಳ ಮೇಲ್ಭಾಗಕ್ಕೆ ಒಯ್ಯುವುದು, ಅಥವಾ ಬೆಳಕು ಮೊದಲು ಬಿಳಿ ತಾರಸಿಗೆ ಬಡಿದು ಕೆಳಗೆ ಬರುವಂತೆ ತಿರುಗಿಸಿಡುವುದು.

ಫಾಲ್ಸ್ ಸೀಲಿಂಗಿನ ತುಂಬ ಪುಟ್ಟ ಗುಂಡು ದೀಪಗಳನ್ನು ಕೊರೆದು ಕೂರಿಸುವ ಈಗಿನ ರೂಢಿ ಹಾಲಿಗೆ ಒಪ್ಪಬಹುದು, ವ್ಯಾಯಾಮದ ಕೋಣೆಗೆ ಒಪ್ಪುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮಲಗಿದವನ ಕಣ್ಣಿಗೆ ಅವು ನೇರ ಸೂಜಿಗಳು. ಜೊತೆಗೆ ಫಾಲ್ಸ್ ಸೀಲಿಂಗ್ ಅರ್ಧ-ಮುಕ್ಕಾಲು ಅಡಿ ಎತ್ತರವನ್ನೂ ನುಂಗುತ್ತದೆ. ತೂಗುದೀಪವಿದ್ದರಂತೂ ಹಗ್ಗ ಜಿಗಿಯುವವರು ಹಗ್ಗವನ್ನು ತಲೆಯ ಮೇಲೆ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ದೀಪಕ್ಕೂ ಫ್ಯಾನಿನ ರೆಕ್ಕೆಗೂ ತಾಗುವುದೇ ಎಂದು ಮೊದಲೇ ನೋಡಿಕೊಳ್ಳಬೇಕು.

ಕೋಣೆಯೆಲ್ಲ ಪಟಪಟನೆ ಮಿನುಗಿದಂತೆ ಕಾಣುತ್ತದೆ, ತಲೆ ಭಾರವಾಗುತ್ತದೆ

ನಾನು ಸ್ವತಃ ಮೋಸಹೋದದ್ದು ಈ ಲಕ್ಷಣದಲ್ಲಿ. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಗೋಡೆ, ನೆಲ, ಎದುರಿನ ಕನ್ನಡಿ ಎಲ್ಲವೂ ನಡುಗಿದಂತೆ ಕಾಣುತ್ತಿದ್ದಾಗ ಬಲ್ಬನ್ನು ಎರಡು ಬಾರಿ ಬದಲಿಸಿದೆ. ಕರೆಸಿದ ಎಲೆಕ್ಟ್ರಿಷಿಯನ್ ಹೋಲ್ಡರನ್ನೂ ಹೊಸದು ಹಾಕಿ ಹೋದರು. ಮಿನುಗು ಮಾತ್ರ ಹಾಗೆಯೇ ಉಳಿಯಿತು. ಕೊನೆಗೊಂದು ಚಳಿಯ ಮುಂಜಾವು ಫ್ಯಾನ್ ಹಾಕದೆ ವ್ಯಾಯಾಮಕ್ಕೆ ಇಳಿದಾಗ ಬೆಳಕು ಕಲ್ಲಿನಂತೆ ಸ್ಥಿರವಾಗಿತ್ತು. ದೀಪ ಫ್ಯಾನಿಗಿಂತ ಮೇಲಿತ್ತು, ರೆಕ್ಕೆಗಳು ಅದನ್ನು ಕತ್ತರಿಸುತ್ತಿದ್ದವು, ಅಷ್ಟೆ.

ಆದ್ದರಿಂದ ಮೊದಲ ಪರೀಕ್ಷೆ ಫ್ಯಾನನ್ನು ನಿಲ್ಲಿಸುವುದು. ರೆಕ್ಕೆಗಳು ಪೂರ್ತಿ ನಿಂತ ಮೇಲೆ ಮಿನುಗು ಹೋದರೆ ವಿದ್ಯುತ್ ದೋಷ ಯಾವುದೂ ಇಲ್ಲ. ಮೂರು ರೆಕ್ಕೆಯ ಫ್ಯಾನ್ ನಿಮಿಷಕ್ಕೆ 350 ಸುತ್ತು ತಿರುಗಿದರೆ ಅದರ ನೆರಳು ಸೆಕೆಂಡಿಗೆ ಹದಿನೇಳು-ಹದಿನೆಂಟು ಬಾರಿ ಹಾಯುತ್ತದೆ; ವೇಗ ತಗ್ಗಿಸಿ 200 ಸುತ್ತಿಗೆ ಇಳಿಸಿದರೆ ಹತ್ತು ಬಾರಿ. ಕಣ್ಣು ಸುಲಭವಾಗಿ ಹಿಡಿಯುವ ಮಿನುಗು ಇದು. ಇದನ್ನು ಕೇವಲ ಕಿರಿಕಿರಿಯೆಂದು ತಳ್ಳಿಹಾಕುವಂತಿಲ್ಲ: ಸೆಕೆಂಡಿಗೆ 3ರಿಂದ 30 ಬಾರಿ ಮಿನುಗುವ ಬೆಳಕು, ಬೆಳಕಿಗೆ ಸ್ಪಂದಿಸುವ ಬಗೆಯ ಮೂರ್ಛೆರೋಗವಿರುವವರಲ್ಲಿ ಸೆಳವನ್ನು ಉಂಟುಮಾಡಬಲ್ಲದು. ಮನೆಯಲ್ಲಿ ಅಂಥವರಿದ್ದರೆ ಇದು ಸರಿಯಾಗುವವರೆಗೆ ಫ್ಯಾನ್ ಮತ್ತು ಆ ದೀಪವನ್ನು ಒಟ್ಟಿಗೆ ಹಾಕಬಾರದು. ಮಿನುಗಿನ ನಡುವೆ ಯಾರಿಗಾದರೂ ಕಣ್ಣು ಕತ್ತಲಿಟ್ಟರೆ, ಕೈಕಾಲು ಸೆಳೆದರೆ ಬೆಳಕಿನ ತಪಾಸಣೆ ಬಿಟ್ಟು ವೈದ್ಯರನ್ನು ಕಾಣಬೇಕು.

ಪರಿಹಾರ ಜಾಗದ್ದೇ. ದೀಪ ಫ್ಯಾನಿನ ರೆಕ್ಕೆಗಳ ಮಟ್ಟಕ್ಕಿಂತ ಕೆಳಗೆ, ಗೋಡೆಯ ಮೇಲಿರಬೇಕು. ಹಾಗಾಗದಿದ್ದರೆ ರೆಕ್ಕೆಗಳ ಸುತ್ತಳತೆಯಿಂದ ಸಾಕಷ್ಟು ಹೊರಗೆ, ಕೋಣೆಯ ಅಂಚಿಗಿರಬೇಕು. ಸ್ವಿಚ್ ಬೋರ್ಡಿನಲ್ಲಿ ಎರಡು ಬೇರೆ ದೀಪಗಳಿಗೆ ಸಂಪರ್ಕವಿದ್ದರೆ ಫ್ಯಾನಿಗೆ ಹತ್ತಿರದ್ದನ್ನು ಆರಿಸಿ ದೂರದ್ದನ್ನು ಮಾತ್ರ ಹಚ್ಚಿಟ್ಟು ನೋಡುವುದು ದುಡ್ಡಿಲ್ಲದ ಪ್ರಯೋಗ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಅನುಮತಿಯಿಲ್ಲದಿದ್ದರೆ ಗೋಡೆಯ ಬದಿಗೆ ನಿಲ್ಲಿಸುವ ಪೆಡೆಸ್ಟಲ್ ಫ್ಯಾನ್ ಬಳಸಬಹುದು. ಅದರ ವೈರು ನಡೆದಾಡುವ ದಾರಿಗೆ ಅಡ್ಡ ಬರದಂತೆ ಗೋಡೆಗುಂಟ ಒಯ್ಯಬೇಕು.

ಫ್ಯಾನ್ ನಿಲ್ಲಿಸಿದರೂ ಮಿನುಗು ಹೋಗುವುದಿಲ್ಲ. ಮೊಬೈಲ್ ವೀಡಿಯೊದಲ್ಲಿ ಪಟ್ಟೆಗಳು ಕಾಣುತ್ತವೆ

ಇಲ್ಲಿ ಎರಡು ಬಗೆಯ ಮಿನುಗನ್ನು ಬೇರ್ಪಡಿಸಿಕೊಳ್ಳಬೇಕು. ಬರಿಗಣ್ಣಿಗೆ ಕಾಣುವ, ಹೊತ್ತುಗೊತ್ತಿಲ್ಲದ ಮಿನುಗು ಒಂದು. ಕಣ್ಣಿಗೆ ಕಾಣದೆ ಕ್ಯಾಮೆರಾದಲ್ಲಿ ಮಾತ್ರ ಕಾಣುವುದು ಇನ್ನೊಂದು.

ಎರಡನೆಯದರ ಮೂಲ ಸರಳ. ನಮ್ಮ ಮನೆಗಳ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಆವರ್ತನೆ, ಪ್ರತಿ ಆವರ್ತನೆಯಲ್ಲಿ ಎರಡು ಬಾರಿ ಏರಿಳಿಯುವಂಥದು. ಎಲ್ಇಡಿಯ ಒಳಗಿನ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್ ಈ ಏರಿಳಿತವನ್ನು ಸಮ ಮಾಡಬೇಕು. ಅಗ್ಗದ ದೀಪಗಳಲ್ಲಿ ಆ ಕೆಲಸ ಅರ್ಧಂಬರ್ಧವಾಗಿ ನಡೆಯುವುದರಿಂದ ಬೆಳಕು ಸೆಕೆಂಡಿಗೆ 100 ಬಾರಿ ಏರಿ ಇಳಿಯುತ್ತದೆ. ಪರೀಕ್ಷೆಗೆ ಒಂದು ಪೆನ್ಸಿಲ್ ಸಾಕು: ದೀಪದ ಬೆಳಕಿನಲ್ಲಿ ಅದನ್ನು ಬೀಸಣಿಗೆಯಂತೆ ವೇಗವಾಗಿ ಆಡಿಸಿದಾಗ ನಯವಾದ ಮಸುಕು ಕಂಡರೆ ದೀಪ ಒಳ್ಳೆಯದು, ಬಿಡಿಬಿಡಿಯಾಗಿ ಹತ್ತಾರು ಪೆನ್ಸಿಲ್ಲುಗಳು ಕಂಡರೆ ದೀಪ ಮಿನುಗುತ್ತಿದೆ. ಅಂಥ ಬೆಳಕಿನಲ್ಲಿ ಹಗ್ಗ ಜಿಗಿದರೆ ಒಂದರ ಬದಲು ಹಲವು ಹಗ್ಗಗಳು ಕಾಣುತ್ತವೆ. ವ್ಯಾಯಾಮದ ಸೈಕಲ್ಲಿನ ತಿರುಗುವ ಚಕ್ರ ಕೆಲವು ವೇಗಗಳಲ್ಲಿ ನಿಂತಂತೆಯೋ ಹಿಂದಕ್ಕೆ ತಿರುಗಿದಂತೆಯೋ ತೋರಬಹುದು. ಹಗ್ಗವನ್ನು ಹಾವೆಂದು ಭ್ರಮಿಸಿದರೆ ನಷ್ಟವಿಲ್ಲ, ತಿರುಗುವ ಚಕ್ರವನ್ನು ನಿಂತಿದೆಯೆಂದು ಭ್ರಮಿಸಿದರೆ ಬೆರಳು ಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ವೀಡಿಯೊದಲ್ಲಿ ಮಾತ್ರ ತೊಂದರೆಯಿದ್ದರೆ, ಆನ್‌ಲೈನ್ ಯೋಗ ತರಗತಿಗೆ ಕ್ಯಾಮೆರಾ ಇಡುವವರು ಷಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಹೊಂದಿಸಿ ನೋಡಬಹುದು; 50 ಹರ್ಟ್ಸ್ ಎಂಬ ಆಯ್ಕೆ ಇದ್ದರೆ ಅದನ್ನೇ ಒತ್ತಿದರಾಯಿತು. ಪೆನ್ಸಿಲ್ ಪರೀಕ್ಷೆಯಲ್ಲಿ ಸೋತ ದೀಪವನ್ನು ಮಾತ್ರ ಬದಲಿಸುವುದೇ ಸರಿ. ಹೊಸದನ್ನು ಅಂಗಡಿಯಲ್ಲಿ ಹಚ್ಚಿಸಿ, ಕೈಯಲ್ಲಿರುವ ಪೆನ್ನನ್ನೇ ಆಡಿಸಿ ನೋಡಿ ಕೊಳ್ಳಬೇಕು. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಪೊಟ್ಟಣದ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ನೋಂದಣಿ ಸಂಖ್ಯೆ ಇದೆಯೇ ಎಂದೂ ಪರಿಶೀಲಿಸಬೇಕು.

ಇನ್ನು ಬರಿಗಣ್ಣಿಗೆ ಕಾಣುವ ಮಿನುಗು. ಕೋಣೆಯಲ್ಲಿ ಬೆಳಕು ಕುಗ್ಗಿಸುವ ಡಿಮ್ಮರ್ ಇದೆಯೇ ಎಂದು ಮೊದಲು ನೋಡಬೇಕು, ಏಕೆಂದರೆ ಸಾಮಾನ್ಯ ಎಲ್ಇಡಿ ಬಲ್ಬುಗಳು ಡಿಮ್ಮರಿಗೆ ಹೊಂದುವುದಿಲ್ಲ. ಅದಿಲ್ಲದಿದ್ದರೆ ಅದೇ ಬಲ್ಬನ್ನು ಬೇರೆ ಕೋಣೆಯ ಹೋಲ್ಡರಿಗೆ ಹಾಕಬೇಕು. ಅಲ್ಲಿಯೂ ಮಿನುಗಿದರೆ ಬಲ್ಬಿನ ಡ್ರೈವರ್ ಕೆಟ್ಟಿದೆ. ಅಲ್ಲಿ ಸರಿಯಾಗಿ ಉರಿದು ಇಲ್ಲಿ ಮಾತ್ರ ಮಿನುಗಿದರೆ ದೋಷ ಹೋಲ್ಡರ್, ಸ್ವಿಚ್ ಅಥವಾ ಜಾಯಿಂಟಿನದು. ಎಂಸಿಬಿ ಇಳಿಸಿ ಹೋಲ್ಡರಿನೊಳಗೆ ನೋಡಿದಾಗ ಪಿನ್ನುಗಳು ಸ್ಪ್ರಿಂಗ್ ಕಳೆದುಕೊಂಡು ಒಳಗೇ ಉಳಿದಿದ್ದರೆ ಅಥವಾ ಕಪ್ಪಗಾಗಿದ್ದರೆ ಹೋಲ್ಡರ್ ಬದಲಿಸಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ತೇವಕ್ಕೆ ಪಿನ್ನು ಕಿಲುಬು ಹಿಡಿಯುವುದು ಸಾಮಾನ್ಯ. ಟ್ಯೂಬ್ ಪಟ್ಟಿಯೊಳಗೆ ಹಲ್ಲಿ, ಇರುವೆ ಸೇರಿಕೊಳ್ಳುವುದೂ ಅಷ್ಟೇ ಸಾಮಾನ್ಯ.

ಹಳೆಯ ಚೋಕ್ ಮತ್ತು ಸ್ಟಾರ್ಟರ್ ಇರುವ ಟ್ಯೂಬ್‌ಲೈಟ್ ಹತ್ತಿ ಹತ್ತಿ ಆರುತ್ತಿದ್ದರೆ ಮೊದಲು ಸ್ಟಾರ್ಟರ್ ಬದಲಿಸಿ ನೋಡಬಹುದು. ಟ್ಯೂಬಿನ ತುದಿಗಳು ಕಪ್ಪಾಗಿದ್ದರೆ ಅದರ ಆಯಸ್ಸು ಮುಗಿದಿದೆ. ಆದರೆ ಆ ಪಟ್ಟಿಗೆ ಎಲ್ಇಡಿ ಟ್ಯೂಬನ್ನು ತಂದು ನೇರವಾಗಿ ಸಿಕ್ಕಿಸಬಾರದು. ಕೆಲವು ಎಲ್ಇಡಿ ಟ್ಯೂಬುಗಳಿಗೆ ಫೇಸ್ (ಕರೆಂಟ್ ಬರುವ ವೈರು) ಮತ್ತು ನ್ಯೂಟ್ರಲ್ (ಅದು ಹಿಂದಿರುಗುವ ವೈರು) ಎರಡೂ ಒಂದೇ ತುದಿಯಲ್ಲಿ ಬರಬೇಕು, ಕೆಲವಕ್ಕೆ ಎರಡು ತುದಿಗಳಲ್ಲಿ. ಹಳೆಯ ವೈರಿಂಗ್ ಉಳಿಸಿಕೊಂಡು ತಪ್ಪು ಬಗೆಯದನ್ನು ಹಾಕಿದರೆ ಶಾರ್ಟ್ ಸರ್ಕ್ಯೂಟ್ ಆಗಬಹುದು. ಹೊಸ ಬ್ಯಾಟನ್ ಪಟ್ಟಿಯನ್ನೇ ಹಾಕಿಸುವುದು ಕಡಿಮೆ ತಲೆನೋವಿನ ದಾರಿ. ತೆಗೆದ ಹಳೆಯ ಟ್ಯೂಬಿನಲ್ಲಿ ಪಾದರಸವಿರುವುದರಿಂದ ಅದನ್ನು ಒಡೆದು ಕಸಕ್ಕೆ ಹಾಕಬಾರದು.

ದೀಪ ಉರಿಯುತ್ತಿದೆ, ಆದರೂ ಕೋಣೆ ಮಂಕು

ಒಂದು ಒಣ ಬಟ್ಟೆ ತೆಗೆದುಕೊಂಡು, ದೀಪ ಆರಿಸಿ ತಣಿದ ಮೇಲೆ ಅದರ ಮುಚ್ಚಳವನ್ನು ಒರೆಸುವುದು ಮೊದಲ ಕೆಲಸ. ಬಯಲುಸೀಮೆಯ ಧೂಳು ಮತ್ತು ಮಳೆಗಾಲದ ಹುಳುಗಳ ರೆಕ್ಕೆ ಸೇರಿ ಕಟ್ಟುವ ಪದರ ಎಷ್ಟು ಬೆಳಕು ತಿನ್ನುತ್ತದೆಂಬುದು ಒರೆಸಿದ ಮೇಲೆಯೇ ತಿಳಿಯುವುದು.

ಎರಡನೆಯದು ಲೆಕ್ಕ. ದೀಪ ಕೊಳ್ಳುವಾಗ ವಾಟಿನ ಬದಲು ಲ್ಯೂಮೆನ್ ಓದಬೇಕು. ವಾಟು ಅದು ತಿನ್ನುವ ವಿದ್ಯುತ್ತು, ಲ್ಯೂಮೆನ್ ಅದು ಕೊಡುವ ಬೆಳಕು. ಸಾಧಾರಣ 20 ವಾಟಿನ ಎಲ್ಇಡಿ ಬ್ಯಾಟನ್ ಸುಮಾರು 2,000 ಲ್ಯೂಮೆನ್, 9 ವಾಟಿನ ಬಲ್ಬು ಸುಮಾರು 800-900 ಲ್ಯೂಮೆನ್ ಕೊಡುತ್ತವೆ. 10 ಅಡಿಗೆ 12 ಅಡಿಯ ಕೋಣೆ ಎಂದರೆ ಹತ್ತಿರ ಹತ್ತಿರ 11 ಚದರ ಮೀಟರ್. ದೀಪ ಚೆಲ್ಲಿದ ಬೆಳಕಿನಲ್ಲಿ ತಿಳಿ ಬಣ್ಣದ ಗೋಡೆಗಳಿದ್ದರೂ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ನೆಲಕ್ಕೆ ತಲುಪುತ್ತದೆಂದು ಹಿಡಿದರೆ, ಒಂದು ಬ್ಯಾಟನ್ ಕೊಡುವುದು ಸುಮಾರು 100 ಲಕ್ಸ್ (ಚದರ ಮೀಟರಿಗೆ ಬೀಳುವ ಲ್ಯೂಮೆನ್), ಎರಡು ಕೊಡುವುದು 200, ಮೂರು ಕೊಡುವುದು 300. ಯೋಗ, ಪ್ರಾಣಾಯಾಮಕ್ಕೆ ಮೊದಲನೆಯದು ಸಾಕು. ಡಂಬೆಲ್ ಎತ್ತುವ, ಹಗ್ಗ ಜಿಗಿಯುವ, ವೇಗವಾಗಿ ಹೆಜ್ಜೆ ಹಾಕುವ ವ್ಯಾಯಾಮಕ್ಕೆ 200ರಿಂದ 300 ಬೇಕು. ಆದ್ದರಿಂದ ಒಂದೇ ಟ್ಯೂಬ್ ಇರುವ ಕೋಣೆ ಮಂಕಾಗಿ ಕಾಣುವುದು ದೀಪದ ತಪ್ಪಲ್ಲ. ಮೂರನ್ನೂ ಒಂದೇ ಸ್ವಿಚ್ಚಿಗೆ ಕಟ್ಟದೆ ಬೇರೆ ಬೇರೆಯಾಗಿ ಕೊಡಿಸಿಕೊಂಡರೆ ಬೆಳಗಿನ ಯೋಗಕ್ಕೂ ಸಂಜೆಯ ಕಸರತ್ತಿಗೂ ಅದೇ ಕೋಣೆ ಹೊಂದುತ್ತದೆ. ಮೊಬೈಲಿನ ಲಕ್ಸ್ ಆ್ಯಪ್‌ಗಳು ನಿಖರವಲ್ಲ, ಆದರೆ ಒಂದೇ ಫೋನಿನಿಂದ ಕೋಣೆಯ ನಾಲ್ಕು ಮೂಲೆಗಳನ್ನು ಹೋಲಿಸಲು ಸಾಕು. ನಡುವಿನಲ್ಲಿ ಇರುವುದರ ಮೂರನೆಯ ಒಂದು ಭಾಗವೂ ಮೂಲೆಯಲ್ಲಿ ಇಲ್ಲದಿದ್ದರೆ ಅಲ್ಲಿ ತೂಕದ ತಟ್ಟೆಗಳನ್ನು ಇಡಬೇಡಿ, ಎಡವುವುದು ಅಲ್ಲೇ.

ಮೂರನೆಯದು ಗೋಡೆ. ಕಡು ನೀಲಿ, ಕಡು ಬೂದು ಬಣ್ಣದ ಗೋಡೆಗಳು ಜಿಮ್ಮಿನ ಚಿತ್ರಗಳಲ್ಲಿ ಗತ್ತಾಗಿ ಕಾಣುತ್ತವೆ. ಚಿಕ್ಕ ಕೋಣೆಯಲ್ಲಿ ಅವು ಬೆಳಕನ್ನು ಕುಡಿದುಬಿಡುತ್ತವೆ. ಹೆಂಚಿನ ಮಾಡಿನ ಮನೆಗಳಲ್ಲಿ ಬೆಳಕನ್ನು ಹಿಂದಿರುಗಿಸುವ ಬಿಳಿ ತಾರಸಿಯೇ ಇರುವುದಿಲ್ಲವಾದ್ದರಿಂದ ಅಲ್ಲಿ ತಾರಸಿಯತ್ತ ತಿರುಗಿಸಿದ ದೀಪ ವ್ಯರ್ಥ. ಗೋಡೆಗೆ ಹಾಕಿದ ಬ್ಯಾಟನ್ ಒಳ್ಳೆಯದು.

ಮನೆಯ ಹಿರಿಯರು ಮಾತ್ರ ಮಂಕೆನ್ನುತ್ತಾರೆ, ಕಿರಿಯರಿಗೆ ಸರಿಯಿದೆ ಎಂದಾದರೆ ಹಿರಿಯರ ಮಾತು ಸುಳ್ಳಲ್ಲ. ವಯಸ್ಸಾದಂತೆ ಪಾಪೆ ಕಿರಿದಾಗಿ ಮಸೂರ ಹಳದಿಗಟ್ಟುವುದರಿಂದ ಅರವತ್ತರ ಕಣ್ಣಿನ ಒಳಪದರಕ್ಕೆ ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೆಯ ಒಂದು ಭಾಗ ಬೆಳಕು ಮಾತ್ರ ತಲುಪುತ್ತದೆ. ಆದರೆ ಬೆಳಕು ಹೆಚ್ಚಿಸಿದರೂ ದೀಪದ ಸುತ್ತ ಬಳೆಯಂತೆ ಪ್ರಭೆ ಕಾಣುತ್ತಿದೆ ಎಂದು ಅವರು ಹೇಳಿದರೆ ಅದು ಕೋಣೆಯ ದೋಷವಲ್ಲ, ಕಣ್ಣಿನ ವೈದ್ಯರು ನೋಡಬೇಕಾದದ್ದು.

ಕನ್ನಡಿಯಲ್ಲಿ ಮುಖ, ಮೈ ಕಪ್ಪಾಗಿ ಕಾಣುತ್ತದೆ

ಕನ್ನಡಿಗೆ ಬೆಳಕು ಬೀಳಿಸುವುದು ಎಲ್ಲರೂ ಮಾಡುವ ತಪ್ಪು. ಬೆಳಕು ಬೀಳಬೇಕಾದದ್ದು ನಿಮ್ಮ ಮೇಲೆ. ದೀಪವೋ ಕಿಟಕಿಯೋ ನಿಮ್ಮ ಬೆನ್ನ ಹಿಂದಿದ್ದರೆ ಕನ್ನಡಿಯಲ್ಲಿ ಆಕೃತಿ ಮಾತ್ರ ಕಾಣುತ್ತದೆ, ಬೆನ್ನು ಬಾಗಿದ್ದು, ಮೊಣಕಾಲು ಒಳಕ್ಕೆ ವಾಲಿದ್ದು ಕಾಣುವುದಿಲ್ಲ. ಮೊಬೈಲಿನ ಟಾರ್ಚನ್ನು ಮನೆಯವರೊಬ್ಬರ ಕೈಗೆ ಕೊಟ್ಟು ಕನ್ನಡಿಯ ಎಡಮೇಲೆ, ಬಲಮೇಲೆ, ನಿಮ್ಮ ಹಿಂದೆ ಹೀಗೆ ಹಿಡಿಸಿ ನೋಡಿದರೆ ದೀಪ ಎಲ್ಲಿಗೆ ಬರಬೇಕೆಂಬುದು ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಸಾಮಾನ್ಯವಾಗಿ ಕನ್ನಡಿಯ ಎರಡು ಬದಿಗೆ ನಿಲ್ಲಿಸಿದ ಹಾಲುಬಣ್ಣದ ಬ್ಯಾಟನ್ನುಗಳೇ ಗೆಲ್ಲುತ್ತವೆ. ಚರ್ಮದ ಬಣ್ಣ ಬೂದಿ ಬಳಿದಂತೆ ಕಂಡರೆ ದೀಪದ ಬಣ್ಣ ತೋರಿಸುವ ಸೂಚ್ಯಂಕ, ಅಂದರೆ ಸಿಆರ್‌ಐ, ಕಡಿಮೆ ಇದೆ. 80 ಅಥವಾ ಮೇಲ್ಪಟ್ಟದ್ದನ್ನು ಕೇಳಿ ಕೊಳ್ಳಬೇಕು.

ರಾತ್ರಿ ವ್ಯಾಯಾಮ ಮಾಡಿದ ಮೇಲೆ ನಿದ್ದೆ ಹತ್ತುವುದಿಲ್ಲ

ದೀಪದ ಮೇಲೆ 6500 ಕೆ ಎಂದು ಬರೆದಿದ್ದರೆ ಅದು ನೀಲಿ ಬೆರೆತ ಬಿಳಿ; ಕೆ ಎಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಇಳಿದಂತೆ ಬೆಳಕು ಹಳದಿಯತ್ತ ವಾಲುತ್ತದೆ. ನೀಲಿ ಅಂಶ ಹೆಚ್ಚಿರುವ ಬೆಳಕು ರಾತ್ರಿಯ ಹೊತ್ತಿನಲ್ಲಿ ನಿದ್ದೆಗೆ ಅಣಿಗೊಳಿಸುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ. ಬೆಳಗಿನವರಿಗೆ ಅದು ಒಳ್ಳೆಯದೇ. ರಾತ್ರಿ ಒಂಬತ್ತರ ನಂತರ ವ್ಯಾಯಾಮ ಮಾಡುವವರು 4000 ಕೆಯ ದೀಪ ಹಾಕಿ, ಕೊನೆಯ ಹತ್ತು ನಿಮಿಷದ ವಿಶ್ರಾಂತಿಗೆ 2700 ಕೆಯ ಒಂದೇ ಬಲ್ಬು ಉಳಿಸಿಕೊಳ್ಳಲಿ. ಹಾಗೆ ಮಾಡಿಯೂ ನಿದ್ದೆ ಬಾರದಿದ್ದರೆ ತಡರಾತ್ರಿಯ ಕಸರತ್ತೇ ಕಾರಣವಿರಬಹುದು.

ಟ್ರೆಡ್‌ಮಿಲ್ ಶುರು ಮಾಡಿದೊಡನೆ ದೀಪ ಕುಗ್ಗುತ್ತದೆ

ಮೋಟರು ಹೊರಡುವ ಕ್ಷಣದಲ್ಲಿ ಹೆಚ್ಚು ಕರೆಂಟ್ ಎಳೆಯುವುದರಿಂದ ಅರೆಕ್ಷಣ ದೀಪ ತುಸು ಕುಗ್ಗಿ ಮರಳುವುದು ದೋಷವಲ್ಲ. ಓಡುವಷ್ಟು ಹೊತ್ತೂ ಮಂಕಾಗಿಯೇ ಇದ್ದರೆ, ಹೆಜ್ಜೆ ಹೆಜ್ಜೆಗೂ ಮಿಡಿದರೆ ಅದು ದೋಷ. ಒಂದು ಅಶ್ವಶಕ್ತಿ ಎಂದರೆ 746 ವಾಟ್. ಎರಡು ಅಶ್ವಶಕ್ತಿಯ ಮೋಟರು ಪೂರ್ಣ ಹೊರೆಯಲ್ಲಿ ಒಂದೂವರೆ ಕಿಲೋವಾಟಿಗೂ ಹೆಚ್ಚು ಎಳೆಯುತ್ತದೆ. ಅದನ್ನು ದೀಪದ ಸರ್ಕ್ಯೂಟಿನ 6 ಆಂಪಿಯರ್ ಪ್ಲಗ್ಗಿಗೆ, ಅದರಲ್ಲೂ ಎಕ್ಸ್‌ಟೆನ್ಷನ್ ಬಾಕ್ಸಿನ ಮೂಲಕ ಕೊಟ್ಟಿರುವುದೇ ಹೆಚ್ಚಿನ ಮನೆಗಳಲ್ಲಿ ಕಾಣುವ ಕಾರಣ.

ಹತ್ತು ನಿಮಿಷ ಓಡಿದ ಮೇಲೆ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಪ್ಲಗ್ ಟಾಪಿನ ಹೊರಮೈಯನ್ನು ಹಿಂಗೈಯಿಂದ ಮುಟ್ಟಿ ನೋಡಬೇಕು. ಕೈ ಇಡಲಾಗದಷ್ಟು ಬಿಸಿಯಿದ್ದರೆ, ಪ್ಲಾಸ್ಟಿಕ್ ಹಳದಿಯಾಗಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಯಂತ್ರವನ್ನು ಪ್ರತ್ಯೇಕ ಎಂಸಿಬಿಯಿಂದ ಬಂದ 16 ಆಂಪಿಯರ್ ಪ್ಲಗ್ಗಿಗೆ ಒಯ್ದಾಗ ದೀಪ ಸ್ಥಿರವಾದರೆ ಕೆಲಸ ಮುಗಿಯಿತು. ಹೊಸ ಲೈನು ಎಳೆಸುವುದಾದರೆ 1.5 ಚದರ ಮಿಲಿಮೀಟರಿನ ದೀಪದ ವೈರು ಸಾಲದು, ಕನಿಷ್ಠ 2.5ರದ್ದು ಬೇಕು. ಎಂಸಿಬಿ ಪದೇ ಪದೇ ಬೀಳುತ್ತದೆಂದು ಹೆಚ್ಚು ಆಂಪಿಯರಿನದನ್ನು ಹಾಕಿಸುವುದು ಜ್ವರ ಬಂದಾಗ ಥರ್ಮಾಮೀಟರ್ ಒಡೆದಂತೆ. ಬೀಳದ ಎಂಸಿಬಿಯ ಹಿಂದೆ ವೈರು ಸುಡುತ್ತಿರುತ್ತದೆ.

ಟ್ರೆಡ್‌ಮಿಲ್ ಆರಿಸಿದ್ದಾಗಲೂ ದಿನದ ಕೆಲವು ಹೊತ್ತು ಮಾತ್ರ ದೀಪ ಕುಗ್ಗುತ್ತಿದ್ದರೆ, ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳು ಓಡುವ ಹೊತ್ತಿನೊಂದಿಗೆ ಅದನ್ನು ಹೋಲಿಸಬೇಕು. ಹೊಂದಿದರೆ ದೋಷ ಮನೆಯೊಳಗಿಲ್ಲ. ಕರೆಂಟ್ ಹೋಗಿ ಇನ್ವರ್ಟರಿನಲ್ಲಿ ಮಾತ್ರ ದೀಪ ಗುಂಯ್‌ಗುಡುವುದಾದರೆ ಇನ್ವರ್ಟರ್ ಸ್ಕ್ವೇರ್ ವೇವ್ ಬಗೆಯದೇ ಎಂದು ನೋಡಬೇಕು. ಆ ಬಗೆಯ ವಿದ್ಯುತ್ತಿಗೆ ಫ್ಯಾನೂ ಕೆಲವು ಡ್ರೈವರುಗಳೂ ಸದ್ದು ಮಾಡುತ್ತವೆ.

ಸ್ವಿಚ್ ಆರಿಸಿದರೂ ಎಲ್ಇಡಿ ಮಂದವಾಗಿ ಹೊಳೆಯುತ್ತಿರುತ್ತದೆ

ಕತ್ತಲಲ್ಲಿ ಮಾತ್ರ ಕಾಣುವ ಈ ಮಿಣುಕನ್ನು ಎಲ್ಇಡಿಯ ಗುಣವೆಂದು ಸುಮ್ಮನಿರುವವರು ಬಹಳ. ಸ್ವಿಚ್ಚಿನೊಳಗೇ ಪುಟ್ಟ ಇಂಡಿಕೇಟರ್ ದೀಪವಿದ್ದರೆ ಅದರ ಮೂಲಕ ಹರಿಯುವ ಅಲ್ಪ ಕರೆಂಟೇ ಸಾಕು ಎಲ್ಇಡಿ ಮಿಣುಕಲು, ಅದು ನಿರಪಾಯ. ಉದ್ದದ ಪೈಪಿನಲ್ಲಿ ಅಕ್ಕಪಕ್ಕ ಸಾಗುವ ವೈರುಗಳಿಂದಲೂ ಹೀಗಾಗುತ್ತದೆ.

ಮೂರನೆಯ ಕಾರಣ ಮಾತ್ರ ಅಪಾಯದ್ದು: ವೈರಿಂಗ್ ಮಾಡಿದವರು ಫೇಸಿನ ಬದಲು ನ್ಯೂಟ್ರಲನ್ನು ಸ್ವಿಚ್ಚಿಗೆ ಕೊಟ್ಟಿರುವುದು. ಆಗ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಸ್ವಿಚ್ ಆರಿಸಿ ಬಲ್ಬು ಬದಲಿಸಿದರೆ ಸಾಕೆಂಬ ನಂಬಿಕೆ ಸುಳ್ಳಾಗುವುದು ಇಲ್ಲಿ. ಇದನ್ನು ಟೆಸ್ಟರಿನಿಂದ ಪತ್ತೆ ಮಾಡಬಹುದು, ಆದರೆ ಹೋಲ್ಡರಿನೊಳಗೆ ಟೆಸ್ಟರ್ ತೂರಿಸುವ ಕೆಲಸವನ್ನು ಅಭ್ಯಾಸವಿಲ್ಲದವರು ಮಾಡುವುದು ಬೇಡ. ಟೆಸ್ಟರ್ ಉರಿಯದಿದ್ದರೆ ಕರೆಂಟ್ ಇಲ್ಲವೆಂದೂ ಅಲ್ಲ; ಮೊದಲು ಕರೆಂಟ್ ಇರುವುದು ಖಚಿತವಾದ ಪ್ಲಗ್ಗಿನಲ್ಲಿ ಅದನ್ನು ಉರಿಸಿ ನೋಡಿಕೊಂಡಿರಬೇಕು. ಅದಲುಬದಲಾದ ವೈರನ್ನು ಸರಿಪಡಿಸುವುದು ಎಲೆಕ್ಟ್ರಿಷಿಯನ್ನರ ಅರ್ಧ ಗಂಟೆಯ ಕೆಲಸ.

ಬಲ್ಬುಗಳು ಕೆಲವೇ ತಿಂಗಳಿಗೆ ಕೆಟ್ಟುಹೋಗುತ್ತವೆ

ಕೆಟ್ಟ ಬಲ್ಬುಗಳೆಲ್ಲ ಒಂದೇ ಹೋಲ್ಡರಿನವೇ, ಮನೆಯ ಎಲ್ಲ ಕಡೆಯವೇ ಎಂಬುದನ್ನು ನೆನಪಿಸಿಕೊಳ್ಳಬೇಕು. ಒಂದೇ ಕಡೆಯವಾದರೆ ಹೋಲ್ಡರ್ ಸಡಿಲವಿದೆ ಅಥವಾ ಅದು ಗಾಳಿಯಾಡದ ಗಾಜಿನ ಬುರುಡೆಯೊಳಗಿದೆ. ಎಲ್ಇಡಿ ಬಲ್ಬಿನಲ್ಲಿ ಬೇಗ ಸಾಯುವುದು ಡ್ರೈವರಿನ ಕೆಪಾಸಿಟರ್. ಅದರ ಸುತ್ತಲಿನ ಶಾಖ 10 ಡಿಗ್ರಿ ಏರಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎಲ್ಲ ಕಡೆಯೂ ಕೆಡುತ್ತಿದ್ದರೆ ಬೇರೆ ಬೇರೆ ಹೊತ್ತಿನಲ್ಲಿ ಮಲ್ಟಿಮೀಟರಿನಿಂದ ವೋಲ್ಟೇಜ್ ಅಳೆಸಬೇಕು. ಅದು ಮೇಲಿಂದ ಮೇಲೆ 250 ದಾಟುತ್ತಿದ್ದರೆ ಬ್ರಾಂಡ್ ಬದಲಿಸಿ ಪ್ರಯೋಜನವಿಲ್ಲ, ವಿದ್ಯುತ್ ಸರಬರಾಜು ಕಂಪನಿಗೆ ದೂರು ಕೊಡಬೇಕು.

ಇಲ್ಲಿ ತಕ್ಷಣ ನಿಲ್ಲಿಸಬೇಕು

ಕೆಲವು ದೀಪಗಳು ಇದ್ದಕ್ಕಿದ್ದಂತೆ ಪ್ರಖರವಾಗಿ ಉಳಿದವು ಮಂಕಾದರೆ, ಮೂರು ಫೇಸ್ ಇರುವ ಮನೆಯಲ್ಲಿ ಅದು ನ್ಯೂಟ್ರಲ್ ಕಡಿದ ಅಥವಾ ಸಡಿಲವಾದ ಗುರುತು. 230 ವೋಲ್ಟಿನ ಸಾಮಾನಿಗೆ ಮುನ್ನೂರಕ್ಕೂ ಮಿಗಿಲು ವೋಲ್ಟ್ ಹರಿಯಬಹುದು. ಯಾವ ದೀಪವೆಂದು ಹುಡುಕುತ್ತ ನಿಲ್ಲದೆ ಮೇನ್ ಸ್ವಿಚ್ ಇಳಿಸಿ, ಟ್ರೆಡ್‌ಮಿಲ್, ಫ್ರಿಜ್, ಟಿವಿಗಳ ಪ್ಲಗ್ ಕಿತ್ತು, ಕರ್ನಾಟಕದಲ್ಲಿರುವವರು ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಬೇಕು.

ಸುಟ್ಟ ಪ್ಲಾಸ್ಟಿಕ್ಕಿನ ಅಥವಾ ಕೊಳೆತ ಮೀನಿನಂಥ ವಾಸನೆ, ಸ್ವಿಚ್ ಬೋರ್ಡಿನಿಂದ ಚಿಟಿಚಿಟಿ ಸದ್ದು, ಬೋರ್ಡಿನ ಮೇಲೆ ಕಂದು ಕಲೆ ಕಂಡರೆ ಆ ಸರ್ಕ್ಯೂಟನ್ನು ಮೇನಿನಲ್ಲೇ ಆರಿಸಿ ಹಾಗೆಯೇ ಬಿಡಬೇಕು. ಬೆಂಕಿ ಕಂಡರೆ ನೀರು ಹಾಕಬಾರದು. ಟ್ರೆಡ್‌ಮಿಲ್ಲಿನ ಲೋಹದ ಹಿಡಿಕೆ, ದೀಪದ ಪಟ್ಟಿ ಅಥವಾ ಕನ್ನಡಿಯ ಚೌಕಟ್ಟು ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಕೆಟ್ಟಿದೆ ಅಥವಾ ಎಲ್ಲೋ ಸೋರಿಕೆಯಿದೆ. ಬೆವರಿದ ಮೈಗೆ ಎರಡನೆಯ ಅವಕಾಶ ಸಿಗದೆಯೂ ಹೋಗಬಹುದು. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ತಾನಾಗಿ ಬೀಳುವ ಸ್ವಿಚ್) ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿದಾಗ ಅದು ಬೀಳಬೇಕು. ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ. ಬಿದ್ದದ್ದು ಮತ್ತೆ ಎತ್ತಿದರೂ ನಿಲ್ಲದಿದ್ದರೆ ಬಲವಂತವಾಗಿ ಹಿಡಿದಿಡುವುದಾಗಲಿ, ತಪ್ಪಿಸಿ ವೈರು ಜೋಡಿಸುವುದಾಗಲಿ ಕೂಡದು.

ಇಂಥ ಕೆಲಸಕ್ಕೆ ಕರೆಯುವವರು ಪರವಾನಗಿ ಹೊಂದಿದವರೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ; ಕರ್ನಾಟಕದಲ್ಲಿ ಆ ಪರವಾನಗಿ ಕೊಡುವುದು ವಿದ್ಯುತ್ ಪರಿವೀಕ್ಷಣಾ ಇಲಾಖೆ. ಅವರು ಬಂದಾಗ ದೀಪ ಕೆಟ್ಟಿದೆ ಎಂದಷ್ಟೇ ಹೇಳದೆ, ಯಾವ ಹೊತ್ತಿನಲ್ಲಿ, ಫ್ಯಾನ್ ಹಾಕಿದ್ದಾಗಲೋ ಆರಿಸಿದ್ದಾಗಲೋ, ಟ್ರೆಡ್‌ಮಿಲ್ ಓಡುತ್ತಿದ್ದಾಗಲೋ ನಿಂತಿದ್ದಾಗಲೋ, ಬೇರೆ ಕೋಣೆಯಲ್ಲಿ ಅದೇ ಬಲ್ಬು ಹೇಗೆ ಉರಿಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಡಬೇಕು. ಅವರು ಮೊದಲ ಅರ್ಧ ಗಂಟೆಯಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಅದರಲ್ಲಿರುತ್ತದೆ.